ಎರಡು ಟೀಮು, ಒಬ್ಬ ಕೋಚು, ಒಂದು ಶನಿವಾರ

ಮೇ ತಿಂಗಳ ಒಂದು ಶನಿವಾರ, ಬೆಳಗ್ಗೆ 10 ಗಂಟೆ 10 ನಿಮಿಷ. ಅಮೆರಿಕದ ಡಲ್ಲಾಸ್ ನಗರದ ಉತ್ತರ ಭಾಗದ ಹೆದ್ದಾರಿಯಲ್ಲಿ ನನ್ನ ಕಾರು ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಚೆಂಡು ತುಂಬಿದ ಬಲೆಚೀಲ, ಪಕ್ಕದ ಸೀಟಿನಲ್ಲಿ ಅರ್ಧ ತಿಂದ ಬಾಳೆಹಣ್ಣು, ಕೊರಳಲ್ಲಿ ಇನ್ನೂ ತೆಗೆಯದ ಕೋಚ್ ಕಾರ್ಡು. ಹನ್ನೊಂದು ವರ್ಷದ ಹುಡುಗರ ಮ್ಯಾಚನ್ನು ಹಾಫ್‌ಟೈಮಿಗೆ ಬಿಟ್ಟು, ಒಂಬತ್ತು ವರ್ಷದ ಹುಡುಗರ ಮ್ಯಾಚಿಗೆ ಹೊರಟಿದ್ದೆ. ಎರಡೂ ಟೀಮಿಗೆ ಕೋಚ್ ನಾನೇ.

ಹೆದ್ದಾರಿ ಇಳಿದು ಮೊದಲ ಸಿಗ್ನಲ್‌ನಲ್ಲಿ ನಿಂತಾಗ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಹದಿನಾಲ್ಕನೇ ನಂಬರ್ ಜೆರ್ಸಿಯ ಹುಡುಗನಿಗೆ ನಾನೊಂದು ಮಾತು ಕೊಟ್ಟಿದ್ದೆ. ಅದು ನನಗೂ ಅವನಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವನು ಅಲ್ಲಿ, ಗ್ರೌಂಡಿನ ಪಕ್ಕದಲ್ಲಿ ನಿಂತಿದ್ದ. ನಾನು ಹದಿನೈದು ಮೈಲಿ ಆಚೆ ಇದ್ದೆ.

ಆ ಮಾತು ಏನು ಅಂತ ಹೇಳೋದಕ್ಕೆ ಮುಂಚೆ, ನಾನು ಈ ಪಜೀತಿಗೆ ಸಿಕ್ಕಿಕೊಂಡ ಕಥೆ ಹೇಳಿಬಿಡುತ್ತೇನೆ.

ಸೋದರಮಾವನ ಡ್ಯೂಟಿ

ನಾನು ಬೆಳೆದದ್ದು ಹಾಸನ ಜಿಲ್ಲೆಯ ಒಂದು ಊರಿನಲ್ಲಿ. ಮೈಸೂರಿನಲ್ಲಿ ಬಿ.ಇ. ಓದುವಾಗ ಕಾಲೇಜು ಫುಟ್‌ಬಾಲ್ ಟೀಮಿನಲ್ಲಿದ್ದೆ. ಆಡಿದ್ದೆ ಅನ್ನೋದಕ್ಕಿಂತ ಬೆಂಚಿನ ಮೇಲೆ ಕೂತಿದ್ದೆ ಅಂದರೆ ಸರಿ. ಎಂ.ಎಸ್. ಮಾಡಲು ಇಲ್ಲಿಗೆ ಬಂದೆ, ಕೆಲಸ ಸಿಕ್ಕಿತು, ಅಕ್ಕ-ಭಾವನ ಮನೆಗೆ ಹತ್ತು ನಿಮಿಷದ ದೂರದಲ್ಲಿ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದೆ. ಈಗ ನನಗೆ ಮೂವತ್ತು. ಮದುವೆ ವಿಷಯ ಅಮ್ಮ ಪ್ರತಿ ಭಾನುವಾರ ಕೇಳುತ್ತಾರೆ. ಅದು ಬೇರೆ ಲೇಖನ.

ಒಂದು ಫೆಬ್ರವರಿಯಲ್ಲಿ ಅಕ್ಕ ಫೋನ್ ಮಾಡಿದಳು. "ಲೋ, ಪುಟ್ಟನ ಟೀಮಿನ ಕೋಚ್ ಬೇರೆ ಊರಿಗೆ ಹೊರಟುಬಿಟ್ರಂತೆ. ಯಾರೂ ಸಿಗದಿದ್ರೆ ಟೀಮ್ ಮುಚ್ತಾರಂತೆ. ನೀನು ಆಡ್ತಿದ್ದೆಯಲ್ಲ, ಒಂದು ಸೀಸನ್ ನೋಡ್ಕೊಳೋ."

ಪುಟ್ಟ ಅಂದರೆ ಅಕ್ಕನ ಮಗ. ಮನೆಯಲ್ಲಿ ನನ್ನನ್ನು "ಮಾಮ" ಅನ್ನುತ್ತಾನೆ, ಗ್ರೌಂಡಿನಲ್ಲಿ "ಕೋಚ್" ಅನ್ನಬೇಕು ಅಂತ ಒಪ್ಪಂದ. ಆಗ ಅವನದು 9 ವರ್ಷದೊಳಗಿನವರ ಟೀಮು.

ಇಲ್ಲಿ ಮಕ್ಕಳ ಸಾಕರ್‌ನಲ್ಲಿ ಎರಡು ದಾರಿ ಇವೆ. ಒಂದು ರಿಕ್ರಿಯೇಷನಲ್: ಹೆಸರು ಕೊಟ್ಟವರೆಲ್ಲ ಆಡಬಹುದು, ಎಲ್ಲರೂ ಕನಿಷ್ಠ ಅರ್ಧ ಮ್ಯಾಚ್ ಆಡಲೇಬೇಕು ಅನ್ನೋ ನಿಯಮ ನಮ್ಮ ಕಡೆ ಇದೆ. ಇನ್ನೊಂದು ಕಾಂಪಿಟಿಟಿವ್: ಟ್ರೈಔಟ್‌ನಲ್ಲಿ ಆಯ್ಕೆ, ಲೀಗ್‌ನಲ್ಲಿ ಡಿವಿಷನ್‌ಗಳು, ಗೆದ್ದರೆ ಮೇಲಕ್ಕೆ, ಸೋತರೆ ಕೆಳಕ್ಕೆ. ಇಲ್ಲಿ ಯಾರು ಎಷ್ಟು ನಿಮಿಷ ಆಡಬೇಕು ಅನ್ನೋದು ಕೋಚ್ ಕೈಯಲ್ಲಿ. ನಮ್ಮದು ಎರಡನೇ ದಾರಿ.

ನಮ್ಮ ಕ್ಲಬ್ ಪೋಷಕರೇ ಸೇರಿ ನಡೆಸುವ ಸಣ್ಣ ಕ್ಲಬ್. ಕೋಚ್‌ಗಳಿಗೆ ಯಾರಿಗೂ ಸಂಬಳ ಇಲ್ಲ. ಎಚ್-1ಬಿ ವೀಸಾದಲ್ಲಿರುವ ನನಗೆ ಅದೂ ಅನುಕೂಲವೇ. ವೀಸಾ ಮಾಡಿಸಿದ ಕಂಪನಿ ಬಿಟ್ಟು ಬೇರೆಲ್ಲೂ ಸಂಬಳಕ್ಕೆ ದುಡಿಯುವಂತಿಲ್ಲ. ಬ್ಯಾಕ್‌ಗ್ರೌಂಡ್ ಚೆಕ್ ಆಯಿತು. ಮಕ್ಕಳ ಸುರಕ್ಷತೆ ಬಗ್ಗೆ ಸೇಫ್‌ಸ್ಪೋರ್ಟ್ ಅನ್ನೋ ತರಬೇತಿ ಆಯಿತು. ತಲೆಗೆ ಪೆಟ್ಟು ಬಿದ್ದಾಗ ಏನು ಮಾಡಬೇಕು ಅನ್ನೋ ಪಾಠ ಆಯಿತು. ಯು.ಎಸ್. ಸಾಕರ್ ಸಂಸ್ಥೆಯ ಗ್ರಾಸ್‌ರೂಟ್ಸ್ ಕೋರ್ಸ್ ಕೂಡ ಮುಗಿಸಿದೆ. ಕೊರಳಿಗೆ ಕಾರ್ಡ್ ಬಂತು.

ಆ ಸೀಸನ್ ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಸೇರುತ್ತದೆ. ದಿನವಿಡೀ ಸ್ಕ್ರೀನ್ ನೋಡಿ ಸಂಜೆ 6ಕ್ಕೆ ಹುಲ್ಲಿನ ಮೇಲೆ ನಿಂತರೆ ಹನ್ನೆರಡು ಮಕ್ಕಳು ಒಟ್ಟಿಗೆ ಕೂಗುತ್ತಾ ಬರುವುದು. ಅದಕ್ಕೆ ಸಮನಾದದ್ದು ಆಫೀಸಿನಲ್ಲಿ ಏನೂ ಇಲ್ಲ.

"ಒಂದೇ ಸೀಸನ್, ಪ್ಲೀಸ್"

ಆಗಸ್ಟ್‌ನಲ್ಲಿ ಕ್ಲಬ್‌ನವರಿಂದ ಫೋನ್. 12 ವರ್ಷದೊಳಗಿನವರ ಟೀಮಿಗೂ ಕೋಚ್ ಇಲ್ಲ. ಹದಿನಾಲ್ಕು ಹುಡುಗರು ಕಾಯುತ್ತಿದ್ದಾರೆ. "ನೀವು ಹೇಗೂ ಗ್ರೌಂಡಿಗೆ ಬರ್ತೀರಲ್ಲ" ಅನ್ನೋ ಧಾಟಿ.

ಬೇಡ ಅನ್ನಬೇಕಿತ್ತು. ನಮ್ಮ ಕಡೆಯವರಿಗೆ ಒಂದು ಕಾಯಿಲೆ ಇದೆ, ದಾಕ್ಷಿಣ್ಯ ಅಂತ. "ನೋಡೋಣ" ಅಂದೆ. ನೋಡೋಣ ಅಂದರೆ ಇಲ್ಲಿಯವರ ಕಿವಿಗೆ ಹೂಂ ಅಂತಲೇ ಕೇಳಿಸುತ್ತದೆ. ಸಂಜೆಯೊಳಗೆ ಮೇಲ್‌ನಲ್ಲಿ ಹದಿನಾಲ್ಕು ಹೆಸರು ಬಂದವು. ವಿಷಯ ಕೇಳಿದ ಅಮ್ಮ ಫೋನಿನಲ್ಲೇ ಗಾದೆ ಬಿಟ್ಟರು: "ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇರಲ್ಲ ಕಣೋ."

ಇದು ನನ್ನೊಬ್ಬನ ಕಥೆ ಅಲ್ಲ. ಮಕ್ಕಳಿಗಾಗಿ ಸಾವಿರಾರು ಡಾಲರ್ ಫೀಸು ತೆಗೆದುಕೊಳ್ಳುವ ದೊಡ್ಡ ಕ್ಲಬ್‌ಗಳಲ್ಲೂ ಒಬ್ಬ ಕೋಚ್‌ಗೆ ಎರಡು ಮೂರು ಟೀಮು ಇರುವುದು ಮಾಮೂಲು. ಅಲ್ಲಿನ ಕಾರಣ ಸರಳ: ಒಂದು ಟೀಮಿನ ಸಂಬಳದಲ್ಲಿ ಮನೆ ನಡೆಯುವುದಿಲ್ಲ. ನಮ್ಮಂಥ ಸಣ್ಣ ಕ್ಲಬ್‌ಗಳ ಕಾರಣ ಇನ್ನೂ ಸರಳ: ಕೈ ಎತ್ತುವವರು ಕಡಿಮೆ, ಆಡುವ ಮಕ್ಕಳು ಹೆಚ್ಚು. ಅದರ ಮೇಲೆ 2026ರ ವಿಶ್ವಕಪ್‌ನ 9 ಪಂದ್ಯಗಳು, ಬೇರೆ ಯಾವ ಊರಿಗಿಂತಲೂ ಹೆಚ್ಚು, ಡಲ್ಲಾಸ್ ಪಾಲಿಗೆ ಬಂದವು. ಸಾಕರ್ ಹುಚ್ಚು ಏರದೇ ಇರುತ್ತದಾ?

ಎರಡು ಟೀಮು ಅಂದರೆ ಎರಡು ಆಟ

ಒಂದು ಟೀಮಿಗೆ ಮಾಡುವ ತಯಾರಿಯನ್ನೇ ಇನ್ನೊಂದಕ್ಕೂ ಬಳಸಬಹುದು ಅಂದುಕೊಂಡಿದ್ದೆ. ಕೋಡ್ ಕಾಪಿ-ಪೇಸ್ಟ್ ಮಾಡಿ ಅಭ್ಯಾಸ ನೋಡಿ. ಮೊದಲ ವಾರದಲ್ಲೇ ತಪ್ಪು ಗೊತ್ತಾಯಿತು.

2017ರಿಂದ ಇಲ್ಲಿ ವಯಸ್ಸಿಗೆ ತಕ್ಕ ಹಾಗೆ ಆಟದ ಅಳತೆಯೇ ಬೇರೆ. 9 ಮತ್ತು 10 ವರ್ಷದೊಳಗಿನವರದು ಏಳು ಜನರ ಆಟ, 25 ನಿಮಿಷದ ಎರಡು ಹಾಫ್. 11 ಮತ್ತು 12 ವರ್ಷದೊಳಗಿನವರದು ಒಂಬತ್ತು ಜನರ ಆಟ, 30 ನಿಮಿಷದ ಎರಡು ಹಾಫ್. ಹನ್ನೊಂದು ಜನರ ಪೂರ್ತಿ ಆಟ 13ರ ಗುಂಪಿನಿಂದ ಶುರು.

ಚಿಕ್ಕವರ ಆಟದಲ್ಲಿ ಗ್ರೌಂಡಿನ ಅಡ್ಡಕ್ಕೆ ಒಂದು ಹೆಚ್ಚುವರಿ ಗೆರೆ ಇರುತ್ತದೆ, ಬಿಲ್ಡ್-ಔಟ್ ಲೈನ್ ಅಂತ. ಗೋಲ್‌ಕೀಪರ್ ಕೈಗೆ ಚೆಂಡು ಸಿಕ್ಕರೆ ಎದುರಾಳಿಗಳು ಆ ಗೆರೆಯ ಹಿಂದಕ್ಕೆ ಹೋಗಬೇಕು. ಕೀಪರ್ ಚೆಂಡನ್ನು ಕೈಯಿಂದ ಬಿಟ್ಟು ಉದ್ದಕ್ಕೆ ಒದೆಯುವಂತಿಲ್ಲ, ಹತ್ತಿರದವನಿಗೆ ಕೊಟ್ಟು ಆಟ ಕಟ್ಟಬೇಕು. ಮಕ್ಕಳು ಹೆದರದೆ ಪಾಸ್ ಮಾಡುವುದನ್ನು ಕಲಿಯಲಿ ಅನ್ನೋದು ಉದ್ದೇಶ. ದೊಡ್ಡವರ ಆಟದಲ್ಲಿ ಆ ಗೆರೆ ಇಲ್ಲ.

ತಲೆಯಿಂದ ಚೆಂಡು ಹೊಡೆಯುವ ವಿಷಯವೂ ಹಾಗೇ. ಮಿದುಳಿಗೆ ಪೆಟ್ಟಾಗುವ ಭಯದಿಂದ 2015ರಲ್ಲಿ ಯು.ಎಸ್. ಸಾಕರ್ ಚಿಕ್ಕ ಮಕ್ಕಳಿಗೆ ಹೆಡಿಂಗ್ ನಿಲ್ಲಿಸುವ ತೀರ್ಮಾನ ಪ್ರಕಟಿಸಿತು. 11ರ ಗುಂಪಿನವರೆಗೂ ಹೆಡಿಂಗ್ ಇಲ್ಲ. ಬೇಕೆಂದೇ ಹೊಡೆದರೆ ಎದುರಾಳಿಗೆ ಫ್ರೀ ಕಿಕ್. 12ರವರು ಹೊಡೆಯಬಹುದು, ಆದರೆ ಪ್ರಾಕ್ಟೀಸಿನಲ್ಲಿ ಅದಕ್ಕೆ ಮಿತಿ ಇದೆ.

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಸೋಮವಾರ, ಬುಧವಾರ ಚಿಕ್ಕವರು. ಮಂಗಳವಾರ, ಗುರುವಾರ ದೊಡ್ಡವರು. ಒಂದು ಮಂಗಳವಾರ ದೊಡ್ಡವರ ಕೀಪರ್ ಚೆಂಡು ಹಿಡಿದ ಕೂಡಲೇ "ಗೆರೆಯ ಹಿಂದೆ ಹೋಗಿ!" ಅಂತ ಕೂಗಿದೆ. "ಯಾವ ಗೆರೆ ಕೋಚ್?" ಅಂತ ಹದಿನಾಲ್ಕೂ ಜನ ನಕ್ಕರು. ಬುಧವಾರ ಚಿಕ್ಕವರಿಗೆ "ತಲೆ ಕೊಡೋ!" ಅಂದುಬಿಟ್ಟೆ. ಅವರು ನಗಲಿಲ್ಲ. ಪುಟ್ಟ ನನ್ನ ಹತ್ತಿರ ಬಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದ: "ಮಾಮ, ನಾವು ತಲೇಲಿ ಹೊಡಿಯೋ ಹಾಗಿಲ್ಲ. ನೀನು ಅವರ ಜೊತೆ ಇದೀನಿ ಅಂದ್ಕೊಂಡಿದೀಯಾ?"

ಒಂಬತ್ತು ವರ್ಷದ ಹುಡುಗ. ಎಷ್ಟು ಸರಿಯಾಗಿ ಹಿಡಿದ ನೋಡಿ.

ಸಮಯದ ಲೆಕ್ಕ ನಾನು ಹಾಕಿಕೊಂಡಿದ್ದೆ. ನಾಲ್ಕು ಪ್ರಾಕ್ಟೀಸು, ಎರಡು ಮ್ಯಾಚು, ಓಡಾಟ, ಪೋಷಕರ ಮೆಸೇಜು ಎಲ್ಲ ಸೇರಿ ವಾರಕ್ಕೆ ಹದಿನಾಲ್ಕು ಗಂಟೆ. ಕಷ್ಟ, ಆದರೆ ಆಗದ ಮಾತಲ್ಲ. ಲೆಕ್ಕಕ್ಕೆ ಸಿಗದೇ ಹೋದದ್ದು ಇಪ್ಪತ್ತಾರು ಮಕ್ಕಳು. ಯಾರಿಗೆ ಹಿಮ್ಮಡಿ ನೋವು, ಯಾರ ಮನೆಯಲ್ಲಿ ಅಪ್ಪ-ಅಮ್ಮ ಬೇರೆಯಾಗುತ್ತಿದ್ದಾರೆ, ಯಾರನ್ನು ಬೈದರೆ ಚಿಗುರುತ್ತಾನೆ, ಯಾರನ್ನು ಬೈದರೆ ಮುದುಡುತ್ತಾನೆ. ಒಂದು ಟೀಮು ಇದ್ದಾಗ ಇದೆಲ್ಲ ತಾನಾಗಿ ಗೊತ್ತಿರುತ್ತಿತ್ತು. ಎರಡಾದಾಗ ದೊಡ್ಡವರ ಟೀಮಿನಲ್ಲಿ ಅರ್ಧ ಜನ ನನಗೆ ಬರೀ ಜೆರ್ಸಿ ನಂಬರ್ ಆಗಿದ್ದರು.

ಹದಿನಾಲ್ಕನೇ ನಂಬರ್

ಅವರಲ್ಲಿ ಒಬ್ಬ ಈ ಹುಡುಗ. ರಿಕ್ರಿಯೇಷನಲ್ ಟೀಮಿನಿಂದ ಬಂದವನು, ಮಾತು ಕಡಿಮೆ. ಪ್ರಾಕ್ಟೀಸಿಗೆ ಮೊದಲು ಬಂದು ಕೋನ್ ಜೋಡಿಸುತ್ತಿದ್ದ, ಮುಗಿದ ಮೇಲೆ ಚೆಂಡು ಎಣಿಸಿ ಚೀಲಕ್ಕೆ ಹಾಕುತ್ತಿದ್ದ. ಮ್ಯಾಚ್‌ಗಳಲ್ಲಿ ಅವನಿಗೆ ಸಿಗುತ್ತಿದ್ದದ್ದು ಹತ್ತು ನಿಮಿಷ, ಕೆಲವು ಸಲ ಅದೂ ಇಲ್ಲ. ಡಿವಿಷನ್‌ನಿಂದ ಕೆಳಕ್ಕೆ ಬೀಳುವ ಭಯದಲ್ಲಿ ಚೆನ್ನಾಗಿ ಆಡುವವರನ್ನೇ ಆಡಿಸುತ್ತಿದ್ದೆ. ಬೆಂಚಿನ ಮೇಲೆ ಕೂತು ಕೂತು ಬೆಳೆದ ನಾನೇ ಹೀಗೆ ಮಾಡಿದೆ ಅನ್ನೋದು ಈಗ ನೆನೆದರೆ ನಾಚಿಕೆ.

ಏಪ್ರಿಲ್ ಹೊತ್ತಿಗೆ ಅವನ ಎಡಗಾಲಿನ ಕ್ರಾಸ್ ಎಲ್ಲರಿಗಿಂತ ಚೆನ್ನಾಗಿತ್ತು. ಕೊನೆಯ ಮ್ಯಾಚಿನ ಹಿಂದಿನ ಗುರುವಾರ, ಚೆಂಡು ಎಣಿಸುತ್ತಿದ್ದವನ ಹತ್ತಿರ ಹೋಗಿ ಹೇಳಿದೆ: "ಶನಿವಾರ ಸೆಕೆಂಡ್ ಹಾಫ್ ಶುರುವಿನಿಂದಲೇ ಲೆಫ್ಟ್ ವಿಂಗ್ ನಿನ್ನದು. ಪೂರ್ತಿ ಮೂವತ್ತು ನಿಮಿಷ." ಅವನು ಏನೂ ಹೇಳಲಿಲ್ಲ. ಚೆಂಡುಗಳನ್ನು ಮತ್ತೆ ಮೊದಲಿನಿಂದ ಎಣಿಸಲು ಶುರು ಮಾಡಿದ. ಲೆಕ್ಕ ತಪ್ಪಿತ್ತು ಅಂತ ಕಾಣುತ್ತೆ.

ಅದೇ ರಾತ್ರಿ ಲೀಗ್‌ನಿಂದ ಮೇಲ್ ಬಂತು. ಎರಡು ವಾರದ ಹಿಂದೆ ಗುಡುಗು-ಮಿಂಚಿಗೆ ನಿಂತುಹೋಗಿದ್ದ ಚಿಕ್ಕವರ ಮ್ಯಾಚು ಈ ಶನಿವಾರವೇ, 10:30ಕ್ಕೆ. ಇಲ್ಲಿ ಮಿಂಚು ಕಂಡರೆ ಆಟ ನಿಲ್ಲಿಸಿ, ಕೊನೆಯ ಮಿಂಚಿನಿಂದ 30 ನಿಮಿಷ ಕಾಯಬೇಕು. ಅವತ್ತು ಮಿಂಚು ನಿಲ್ಲಲೇ ಇಲ್ಲ. ಟೆಕ್ಸಾಸ್‌ನ ಏಪ್ರಿಲ್-ಮೇ ಮಳೆ ಎಲ್ಲ ಕೋಚ್‌ಗಳ ಕ್ಯಾಲೆಂಡರ್ ಹಾಳು ಮಾಡುತ್ತದೆ. ದೊಡ್ಡವರ ಮ್ಯಾಚು 9:15ಕ್ಕೆ. ಎರಡು ಗ್ರೌಂಡಿಗೆ ಮಧ್ಯೆ 22 ಮೈಲಿ.

ಆಫೀಸಿನಲ್ಲಿ ಮಾಡುವ ಹಾಗೆ ಪ್ಲಾನ್ ಮಾಡಿದೆ. ಹಾಫ್‌ಟೈಮಿಗೆ ಹೊರಡುವುದು, ಟೀಮ್ ಮ್ಯಾನೇಜರ್ ಆಗಿದ್ದ ಒಬ್ಬ ತಂದೆ ಸೆಕೆಂಡ್ ಹಾಫ್ ನೋಡಿಕೊಳ್ಳುವುದು. ಅವರಿಗೂ ಕಾರ್ಡ್ ಇತ್ತು, ಹಾಗಾಗಿ ನಿಯಮ ಮುರಿಯಲಿಲ್ಲ. ಶನಿವಾರ ಹಾಫ್‌ಟೈಮಿನಲ್ಲಿ ಸ್ಕೋರು 1-1. ಅವರ ಕೈಗೆ ಆಡುವ ಒಂಬತ್ತು ಜನರ ಹೆಸರಿನ ಚೀಟಿ ಕೊಟ್ಟೆ. ಅದು ನಾನು ಬುಧವಾರ ಬರೆದಿದ್ದ ಚೀಟಿ. ಗುರುವಾರದ ಮಾತು ಅದರಲ್ಲಿ ಇರಲಿಲ್ಲ.

ಸಿಗ್ನಲ್‌ನಲ್ಲಿ ನೆನಪಾದಾಗ ಫೋನ್ ಮಾಡಿದೆ. ಮೂರು ಸಲ. ಅವರ ಫೋನು ಬ್ಯಾಗಿನಲ್ಲಿತ್ತು.

ಆಮೇಲೆ ತಿಳಿದದ್ದು ಇಷ್ಟು: ವಿಶಲ್ ಊದುವ ಮುಂಚೆ ಅವನು ಎದ್ದು, ಸಾಕ್ಸ್ ಎಳೆದು, ಗೆರೆಯ ಹತ್ತಿರ ಹೋಗಿ ನಿಂತಿದ್ದಾನೆ. ಮ್ಯಾನೇಜರ್ ಚೀಟಿ ನೋಡಿ "ನೀನಲ್ಲ, ಕೂತ್ಕೋ" ಅಂದಿದ್ದಾರೆ. "ಕೋಚ್ ಹೇಳಿದ್ರು" ಅಂತ ಒಂದು ಮಾತು ಅವನು ಹೇಳಬಹುದಿತ್ತು. ಹೇಳಲಿಲ್ಲ. ಕೊನೆಯ ನಾಲ್ಕು ನಿಮಿಷ ಆಡಿದ. ಮ್ಯಾಚು 2-2.

ಇತ್ತ ಪುಟ್ಟನ ಟೀಮು 3-1ರಿಂದ ಗೆದ್ದಿತು. ಅಕ್ಕ ಪಾಯಸ ಮಾಡಿದ್ದಳು. ನನಗೆ ರುಚಿ ಹತ್ತಲಿಲ್ಲ.

ಭಾನುವಾರ ಆ ಹುಡುಗನ ತಾಯಿಗೆ ಕ್ಷಮೆ ಕೇಳಿ ಮೆಸೇಜ್ ಮಾಡಿದೆ. ಇಲ್ಲಿ ಕೋಚ್ ಮಗುವಿಗೆ ನೇರ ಮೆಸೇಜ್ ಮಾಡುವಂತಿಲ್ಲ, ಇನ್ನೊಬ್ಬ ದೊಡ್ಡವರು ಜೊತೆಗಿರಬೇಕು. ಅವರ ಉತ್ತರ ಸಣ್ಣದು: "ಅವನಿಗೆ ಕೋಪ ಇಲ್ಲ. ನೀವು ಮರೆತುಬಿಟ್ಟಿರಿ ಅಂತ ಹೇಳಿದ, ಅಷ್ಟೇ."

ಜೂನ್ ಟ್ರೈಔಟಿಗೆ ಅವನು ಬರಲಿಲ್ಲ.

ಪಿ.ಟಿ. ಮೇಷ್ಟ್ರ ನೋಟ್‌ಬುಕ್ಕು

ಬೇಸಗೆಯಲ್ಲಿ ಎರಡೂ ಟೀಮು ಬಿಡುವ ಯೋಚನೆ ಬಂತು. ಆಗ ನನಗೆ ನೆನಪಾದವರು ನಮ್ಮೂರ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದವರಿಗೆ ಇದು ಗೊತ್ತು: ತಾಲ್ಲೂಕು ಮಟ್ಟದ ಕ್ರೀಡಾಕೂಟ ಬಂದರೆ ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್, ರಿಲೇ ಎಲ್ಲಕ್ಕೂ ಒಬ್ಬರೇ ಮೇಷ್ಟ್ರು. ಹುಡುಗರದು ಬೇರೆ, ಹುಡುಗಿಯರದು ಬೇರೆ. ಒಂದೇ ಮೈದಾನ, ಒಂದೇ ವಿಶಲ್. ನಾನು ಎರಡಕ್ಕೇ ಸುಸ್ತಾದೆ, ಅವರು ಹೇಗೆ ನಿಭಾಯಿಸುತ್ತಿದ್ದರು?

ಅಮ್ಮನಿಂದ ನಂಬರ್ ಪಡೆದು ಫೋನ್ ಮಾಡಿದೆ. ರಿಟೈರ್ ಆಗಿದ್ದಾರೆ, ದನಿ ಮಾತ್ರ ಹಾಗೇ ಇದೆ.

"ಏನಪ್ಪಾ, ಇಂಜಿನಿಯರ್ ಮಾಡ್ಸಿದ್ರೆ ಅಮೆರಿಕಕ್ಕೆ ಹೋಗಿ ಪಿ.ಟಿ. ಮೇಷ್ಟ್ರೇ ಆದ್ಯಾ?" ಅಂತ ನಕ್ಕರು. ಆಮೇಲೆ ಕಥೆ ಪೂರ್ತಿ ಕೇಳಿದರು.

"ಸರ್, ನೀವು ಅಷ್ಟೊಂದು ಟೀಮ್ ಹೇಗೆ ನೋಡ್ತಿದ್ರಿ?"

"ನಾನೆಲ್ಲಿ ನೋಡ್ತಿದ್ದೆನೋ? ಪ್ರತಿ ಟೀಮಿಗೂ ಹತ್ತನೇ ಕ್ಲಾಸಿನ ಒಬ್ಬನ್ನೋ ಒಬ್ಬಳನ್ನೋ ಹಿಡೀತಿದ್ದೆ. ಅವರಿಗೆ ಒಂದು ವಾರ ಮೊದಲೇ ಎಲ್ಲ ಹೇಳಿಕೊಡ್ತಿದ್ದೆ. ಟೀಮ್ ನೋಡ್ತಿದ್ದದ್ದು ಅವರು. ನಾನು ಅವರನ್ನ ನೋಡ್ತಿದ್ದೆ."

"ಮರೆತುಹೋಗ್ತಿರಲಿಲ್ವಾ ಸರ್?"

"ಉದ್ದದ ನೋಟ್‌ಬುಕ್ ನೆನಪಿಲ್ವಾ ನಿಂಗೆ? ಯಾರನ್ನ ಆಡಿಸ್ದೆ, ಯಾರನ್ನ ಕೂರಿಸ್ದೆ, ಎಲ್ಲ ಅದರಲ್ಲಿರೋದು. ನಾನು ರಜ ಹಾಕಿದ್ರೆ ಹೆಡ್‌ಮಾಸ್ಟ್ರು ಅದನ್ನ ನೋಡ್ಕೊಂಡು ಟೀಮ್ ಇಳಿಸ್ಬಹುದಿತ್ತು." ಸ್ವಲ್ಪ ತಡೆದು ಸೇರಿಸಿದರು: "ಮಕ್ಕಳಿಗೆ ಕೊಟ್ಟ ಮಾತನ್ನ ಬಾಯಲ್ಲಿ ಇಟ್ಕೋಬಾರ್ದಪ್ಪ. ಬರೆದಿಡ್ಬೇಕು."

ನನ್ನ ಆಫೀಸಿನಲ್ಲಿ ಇದೇ ಮಾತನ್ನು ದಿನಾ ಆಡುತ್ತೇವೆ. ಒಂದು ಸಿಸ್ಟಮ್ಮಿನ ವಿಷಯ ಒಬ್ಬನ ತಲೆಯಲ್ಲಿ ಮಾತ್ರ ಇದ್ದರೆ, ಅವನು ರಜ ಹಾಕಿದ ದಿನ ಎಲ್ಲ ನಿಂತುಹೋಗುತ್ತದೆ ಅಂತ. ಅದಕ್ಕೇ ಡಾಕ್ಯುಮೆಂಟ್ ಬರೆಯುತ್ತೇವೆ, ಆನ್-ಕಾಲ್‌ಗೆ ಇಬ್ಬರನ್ನು ಇಡುತ್ತೇವೆ. ಸರ್ವರ್‌ಗೆ ಮಾಡುವಷ್ಟನ್ನು ಹನ್ನೊಂದು ವರ್ಷದ ಹುಡುಗನಿಗೆ ನಾನು ಮಾಡಿರಲಿಲ್ಲ.

ಯಾರೂ ಕೇಳದ ಕೋಚ್

ಹಾಗಾದರೆ ನನ್ನ "ಹತ್ತನೇ ಕ್ಲಾಸಿನವರು" ಯಾರು? ಜುಲೈನಲ್ಲಿ ದೊಡ್ಡವರ ಟೀಮಿನ ಪೋಷಕರ ಸಭೆ ಕರೆದೆ. ಈ ವರ್ಷದಿಂದ ಅವರದು 13ರ ಗುಂಪು, ಹನ್ನೊಂದು ಜನರ ಆಟ. ಆಗಿದ್ದನ್ನು ಮುಚ್ಚಿಡದೆ ಹೇಳಿದೆ. ಈ ಟೀಮಿಗೆ ಪೂರ್ತಿ ಸಮಯ ಕೊಡುವ ಒಬ್ಬರು ಬೇಕು, ಇಲ್ಲದಿದ್ದರೆ ನಾನು ಮುಂದುವರಿಯುವುದು ಮಕ್ಕಳಿಗೆ ಮೋಸ ಅಂದೆ. ಅಭ್ಯಾಸಬಲದಿಂದ ನಾನು ನೋಡುತ್ತಿದ್ದದ್ದು ಅಪ್ಪಂದಿರ ಸಾಲಿನ ಕಡೆಗೆ. ಎಲ್ಲರೂ ಫೋನ್ ನೋಡಿಕೊಳ್ಳುತ್ತಿದ್ದರು.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೈ ಎತ್ತಿದರು. ವರ್ಷವಿಡೀ ಕಿತ್ತಳೆ ಹಣ್ಣು ಕತ್ತರಿಸಿ ಡಬ್ಬಿಯಲ್ಲಿ ತರುತ್ತಿದ್ದವರು. ನಾನು ಅವರಿಗೆ ಥ್ಯಾಂಕ್ಸ್ ಬಿಟ್ಟರೆ ಬೇರೆ ಏನೂ ಹೇಳಿರಲಿಲ್ಲ.

"ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಮಿಡ್‌ಫೀಲ್ಡ್ ಆಡಿದ್ದೀನಿ" ಅಂದರು. "ಕೋಚಿಂಗ್ ಲೈಸೆನ್ಸ್ ಕೂಡ ಇದೆ, ರಿನ್ಯೂ ಮಾಡಿಸಬೇಕು."

"ಮೊದಲೇ ಯಾಕೆ ಹೇಳಲಿಲ್ಲ?" ಅಂದೆ.

"ಯಾರೂ ಕೇಳಲಿಲ್ಲ."

ಈ ದೇಶದಲ್ಲಿ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು-ಗಂಡು ಭೇದ ಮಾಡಬಾರದು ಅನ್ನೋ ಟೈಟಲ್ 9 ಕಾನೂನು ಬಂದದ್ದು 1972ರಲ್ಲಿ. ಅದರಿಂದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಆಟಕ್ಕೆ ದಾರಿ ತೆರೆಯಿತು. ಅಮೆರಿಕದ ಮಹಿಳಾ ತಂಡ 1991, 1999, 2015 ಮತ್ತು 2019ರಲ್ಲಿ ವಿಶ್ವಕಪ್ ಗೆದ್ದಿದೆ. ಪುರುಷರ ತಂಡ ಒಮ್ಮೆಯೂ ಗೆದ್ದಿಲ್ಲ. ಇಂಥ ದೇಶದಲ್ಲಿ ಕೂತು, ಕೋಚ್ ಬೇಕು ಅಂದಾಗ ನಾನು ಅಪ್ಪಂದಿರ ಮುಖ ನೋಡಿದೆ.

ಈಗ ಆ ಟೀಮಿನ ಹೆಡ್ ಕೋಚ್ ಅವರೇ. ನಾನು ಗುರುವಾರ ಅವರ ಅಸಿಸ್ಟೆಂಟ್. ಕೋನ್ ಜೋಡಿಸುತ್ತೇನೆ, ಚೆಂಡು ಎಣಿಸುತ್ತೇನೆ. ನನಗಿಂತ ಚೆನ್ನಾಗಿ ಕಲಿಸುತ್ತಾರೆ ಅಂತ ಹೇಳಲು ನನಗೆ ಸಂಕೋಚ ಇಲ್ಲ.

ಎರಡು ಟೀಮು ತಪ್ಪದೇ ಇದ್ದರೆ

ಹಾಗಂತ ಎಲ್ಲರಿಗೂ ಹೀಗೆ ಒಬ್ಬರು ಸಿಗುವುದಿಲ್ಲ. ಎರಡು ಟೀಮು ನಡೆಸಲೇಬೇಕಾದ ಕೋಚ್‌ಗಳು ಡಲ್ಲಾಸ್‌ನಲ್ಲಿರಲಿ, ಬೆಂಗಳೂರಿನ ಅಕಾಡೆಮಿಗಳಲ್ಲಿರಲಿ, ಅವರಿಗೆ ನನ್ನ ಅನುಭವದಿಂದ ನಾಲ್ಕು ಮಾತು.

ಒಂದು: ಪ್ರತಿ ಟೀಮಿಗೂ ಎರಡನೇ ವ್ಯಕ್ತಿ ಸೀಸನ್ ಶುರುವಿನಲ್ಲೇ ಗೊತ್ತಾಗಿರಬೇಕು. ಕಾರ್ಡು, ತರಬೇತಿ ಎಲ್ಲ ಮೊದಲೇ ಆಗಿರಲಿ. ಕಷ್ಟ ಬಂದ ದಿನ ಯಾರನ್ನೋ ಹಿಡಿದು ಚೀಟಿ ಕೊಡುವುದು ಹಸ್ತಾಂತರ ಅಲ್ಲ. ಪ್ರಾಕ್ಟೀಸಿಗೆ ಬರದವರಿಗೆ ಮಕ್ಕಳ ಮುಖ ಗೊತ್ತಿರುವುದಿಲ್ಲ.

ಎರಡು: ಆಡಿದ ನಿಮಿಷ ಬರೆದಿಡಿ. ಮೊದಲು ನಾನು ಫೋನಿನಲ್ಲಿ ಶೀಟ್ ಮಾಡಿದೆ. ಟೆಕ್ಸಾಸ್ ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ. ಈಗ ಮೇಷ್ಟ್ರ ಹಾಗೆ ಉದ್ದದ ನೋಟ್‌ಬುಕ್ಕೇ. ಬರೆಯಲು ಶುರು ಮಾಡಿದ ಮೊದಲ ತಿಂಗಳಲ್ಲೇ ಗೊತ್ತಾಯಿತು, ಎಲ್ಲರಿಗೂ ಸಮನಾಗಿ ಆಡಿಸುತ್ತಿದ್ದೇನೆ ಅನ್ನೋದು ನನ್ನ ಭ್ರಮೆ ಆಗಿತ್ತು ಅಂತ.

ಮೂರು: ಮ್ಯಾಚುಗಳು ಒಂದೇ ಹೊತ್ತಿಗೆ ಬಿದ್ದರೆ ಯಾವ ಟೀಮಿಗೆ ಹೋಗುತ್ತೀರಿ ಅನ್ನೋದನ್ನು ಮೊದಲ ಸಭೆಯಲ್ಲೇ ಪೋಷಕರಿಗೆ ಹೇಳಿ. ಮೊದಲ ಸಲ ಈ ಟೀಮು, ಎರಡನೇ ಸಲ ಆ ಟೀಮು ಅಂತ ಸರದಿ ಇಟ್ಟರೆ ಜಗಳ ಇಲ್ಲ. ಯಾವ ಟೀಮಿಗೆ ಹೋದರೂ ಪೂರ್ತಿ ಮ್ಯಾಚಿಗೆ ಇರಿ. ಅರ್ಧ ಅಲ್ಲಿ ಅರ್ಧ ಇಲ್ಲಿ ಬೇಡ. ನಾನು ಎರಡೂ ಕಡೆ ಇದ್ದೆ ಅಂದುಕೊಂಡ ದಿನ ಎರಡೂ ಕಡೆ ಇರಲಿಲ್ಲ.

ನಾಲ್ಕು: ನಿಮ್ಮ ಮಗುವೋ ಸಂಬಂಧಿಕರ ಮಗುವೋ ಒಂದು ಟೀಮಿನಲ್ಲಿದ್ದರೆ ಇನ್ನೊಂದು ಟೀಮಿನವರು ಅದನ್ನು ಲೆಕ್ಕ ಇಡುತ್ತಿರುತ್ತಾರೆ. ಆ ಶನಿವಾರ ನಾನು ಹೊರಟದ್ದು ಪುಟ್ಟನ ಮ್ಯಾಚಿಗೆ. ಕಾರಣ ಏನೇ ಇರಲಿ, ದೊಡ್ಡವರ ಟೀಮಿನ ಮಕ್ಕಳು ಕಂಡದ್ದು ಅಷ್ಟನ್ನೇ.

ಐದನೆಯದನ್ನು ಅಮ್ಮ ಮೊದಲೇ ಹೇಳಿದ್ದರು. ಆಗದಿದ್ದರೆ ಆಗಲ್ಲ ಅನ್ನಿ. ನಾನು ಆಗಸ್ಟ್‌ನಲ್ಲೇ ಬೇಡ ಅಂದಿದ್ದರೆ ಕ್ಲಬ್ಬಿನವರು ಪೋಷಕರ ಸಭೆ ಕರೆಯುತ್ತಿದ್ದರು. ಆ ತಾಯಿ ಒಂದು ವರ್ಷ ಮೊದಲೇ ಕೈ ಎತ್ತುತ್ತಿದ್ದರು. ನನ್ನ "ನೋಡೋಣ" ಅನ್ನೋ ಮಾತು ಅವರ ಜಾಗಕ್ಕೆ ಅಡ್ಡ ಕೂತಿತ್ತು.

ಸೆಪ್ಟೆಂಬರ್

ಹೋದ ಸೆಪ್ಟೆಂಬರ್‌ನಲ್ಲಿ ಹತ್ತಾರು ಗ್ರೌಂಡುಗಳಿರುವ ಒಂದು ಕಾಂಪ್ಲೆಕ್ಸಿನಲ್ಲಿ ಪುಟ್ಟನ ಮ್ಯಾಚಿತ್ತು. ಪಾರ್ಕಿಂಗ್‌ನಲ್ಲಿ ಚೆಂಡಿನ ಚೀಲ ಇಳಿಸುತ್ತಿದ್ದಾಗ ಪಕ್ಕದ ಕಾರಿನಿಂದ ಅವನು ಇಳಿದ. ಬೇರೆ ಕ್ಲಬ್ಬಿನ ಹಸಿರು ಜೆರ್ಸಿ. ನಂಬರ್ ಮಾತ್ರ ಅದೇ ಹದಿನಾಲ್ಕು. ತಾಯಿ ಜೊತೆಗಿದ್ದರು.

ಮೆಸೇಜಿನಲ್ಲಿ ಅವನ ತಾಯಿಗೆ ಹೇಳಿದ್ದನ್ನು ಅವನ ಮುಖ ನೋಡಿ ಹೇಳಿರಲಿಲ್ಲ. ಹೇಳಿದೆ. "ನಿನಗೆ ಮಾತು ಕೊಟ್ಟಿದ್ದೆ. ಮರೆತೆ. ತಪ್ಪು ನನ್ನದು."

ಅವನು ಶೂಸಿನ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತ. "ನಾನೂ ಅವತ್ತು ಹೇಳಬಹುದಿತ್ತು" ಅಂದ. ಆಮೇಲೆ ನನ್ನ ಕೈಯಲ್ಲಿದ್ದ ಚೀಲ ನೋಡಿ ಕೇಳಿದ: "ಹನ್ನೆರಡೂ ಇವೆಯಾ?"

ಎಣಿಸಿರಲಿಲ್ಲ. ಅಲ್ಲೇ ನೆಲದ ಮೇಲೆ ಸುರಿದು ಇಬ್ಬರೂ ಎಣಿಸಿದೆವು. ಹನ್ನೊಂದಿತ್ತು. ಇನ್ನೊಂದು ನನ್ನ ಕಾರಿನ ಸೀಟಿನ ಕೆಳಗೆ ಸಿಕ್ಕಿತು.

ಅವನ ಮ್ಯಾಚು ನಮ್ಮದಕ್ಕಿಂತ ಅರ್ಧ ಗಂಟೆ ಮೊದಲು, ಮೂರು ಗ್ರೌಂಡ್ ಆಚೆ. ನಮ್ಮ ಹುಡುಗರ ವಾರ್ಮ್‌ಅಪ್ಪನ್ನು ಅಸಿಸ್ಟೆಂಟ್‌ಗೆ ಒಪ್ಪಿಸಿ ಹತ್ತು ನಿಮಿಷ ಅಲ್ಲಿ ಹೋಗಿ ನಿಂತೆ. ಅವನು ಲೆಫ್ಟ್ ವಿಂಗ್‌ನಲ್ಲಿ ಆಡುತ್ತಿದ್ದ. ವಾಪಸ್ ಬಂದಾಗ ಪುಟ್ಟ ಕೇಳಿದ, "ಮಾಮ, ಎಲ್ಲಿಗೆ ಹೋಗಿದ್ದೆ?"

ಹೇಳಿದೆ. ನೋಟ್‌ಬುಕ್ ತೆಗೆದು ತಾರೀಖು ಬರೆದೆ. ನಮ್ಮ ಹುಡುಗರ ಹೆಸರುಗಳನ್ನು ಒಂದರ ಕೆಳಗೊಂದು ಬರೆಯುತ್ತಾ ಕೂತೆ.

ನಿಮ್ಮಲ್ಲೂ ಹೀಗೆ ಆಫೀಸು ಮುಗಿಸಿ ಮಕ್ಕಳಿಗೆ ಆಟ, ಸಂಗೀತ, ನಾಟಕ ಕಲಿಸುವವರು ಇರಬಹುದು. ಒಂದಕ್ಕಿಂತ ಹೆಚ್ಚು ಗುಂಪು ಹೇಗೆ ನಿಭಾಯಿಸುತ್ತೀರಿ, ಎಲ್ಲಿ ಎಡವಿದಿರಿ? ಬರೆದು ತಿಳಿಸಿ. ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಜಾಗ ಇದೆ.